ಬಾಗಿಲು, ಬಯಲು, ಬೆಟ್ಟ: ಮೈಸೂರಿನ ಪ್ರತಿಭಟನೆಯ ನೆಲೆಗಳು ಮತ್ತು ಮಾತಿನ ಮಿತಿ

ಕನ್ನಡ ಜಾನಪದ ಅಧ್ಯಯನದಲ್ಲಿ ‘ಪ್ರತಿಭಟನೆ’ ಎಂಬುದು ಬಳಸಿ ಬಳಸಿ ಅಂಚು ಸವೆದ ಪರಿಕಲ್ಪನೆ. ಕಳೆದ ಶತಮಾನದ ಎಪ್ಪತ್ತು-ಎಂಬತ್ತರ ದಶಕಗಳ ಸಾಮಾಜಿಕ ಚಳವಳಿಗಳ ಒತ್ತಡದಲ್ಲಿ ಕನ್ನಡದ ಸಂಶೋಧಕರು ಬೀಸುವ ಕಲ್ಲಿನ ತ್ರಿಪದಿಯಿಂದ ಹಿಡಿದು ನೀಲಗಾರರ ಮಹಾಕಾವ್ಯದವರೆಗೆ ಎಲ್ಲೆಡೆಯೂ ಪ್ರತಿಭಟನೆಯ ದನಿಯನ್ನು ಗುರುತಿಸಿದರು. ಜನಪದ ಸಾಹಿತ್ಯವೆಂದರೆ ಹಳ್ಳಿಗರ ಮುಗ್ಧ ಹಾಡು ಎಂಬ ಹಿಂದಿನ ನಂಬಿಕೆಯನ್ನು ಒಡೆದುಹಾಕಿದ್ದು ಆ ಓದಿನ ದೊಡ್ಡ ಸಾಧನೆ. ಆದರೆ ಅದು ಬಹುಮಟ್ಟಿಗೆ ಪಠ್ಯದ ಓದು. ಏನನ್ನು ಹಾಡಲಾಯಿತು ಎಂಬುದು ಅಲ್ಲಿ ಮುಖ್ಯವಾಯಿತೇ ಹೊರತು ಎಲ್ಲಿ ನಿಂತು, ಯಾರ ಎದುರಿಗೆ, ಯಾವ ಹೊತ್ತಿನಲ್ಲಿ, ಯಾರ ಒಪ್ಪಿಗೆಯಿಂದ ಅಥವಾ ಒಪ್ಪಿಗೆಯಿಲ್ಲದೆ ಹಾಡಲಾಯಿತು ಎಂಬ ಪ್ರಶ್ನೆಗಳು ಹಿಂದೆ ಉಳಿದವು. ಸಾರ್ವಜನಿಕ ಸ್ಥಳಗಳಲ್ಲಿ ಮಾತನಾಡುವ ಹಕ್ಕಿನ ಕುರಿತ ಇತ್ತೀಚಿನ ವಿವಾದಗಳೆಲ್ಲವೂ ಸರಿಯಾಗಿ ಈ ಹಿಂದುಳಿದ ಪ್ರಶ್ನೆಗಳ ಸುತ್ತಲೇ ನಡೆದಿವೆ ಎಂಬುದನ್ನು ಗಮನಿಸಬೇಕು. ಮೈಸೂರು ನಗರದ ಕೆಲವು ಪ್ರಸಂಗಗಳನ್ನು ಮುಂದಿಟ್ಟುಕೊಂಡು ಆ ಕೊರತೆಯನ್ನು ಪರಿಶೀಲಿಸುವುದು ಇಲ್ಲಿಯ ಉದ್ದೇಶ.

2023ರ ಅಕ್ಟೋಬರ್ 13ರಂದು ಮೈಸೂರಿನ ಪುರಭವನದಲ್ಲಿ ಮಹಿಷ ದಸರಾ ಕಾರ್ಯಕ್ರಮ ನಡೆಯಿತು. ಅಲ್ಲಿ ಮಾತನಾಡಿದ ಲೇಖಕ ಕೆ.ಎಸ್. ಭಗವಾನ್ ಅವರು ಒಕ್ಕಲಿಗ ಸಮುದಾಯವನ್ನು ಹೀಗಳೆಯುವ ಮಾತೊಂದನ್ನು ಕುವೆಂಪು ಅವರೇ ಹೇಳಿದ್ದೆಂದು ಉಲ್ಲೇಖಿಸಿದರು. ಅದರ ಬೆನ್ನಿಗೇ ಸಮುದಾಯದ ಸಂಘಟನೆಗಳ ಸದಸ್ಯರು ಕುವೆಂಪುನಗರದಲ್ಲಿರುವ ಅವರ ಮನೆಗೆ ಮುತ್ತಿಗೆ ಹಾಕಲು ಬಂದರು. ಪೊಲೀಸರು ಅಡ್ಡಗಟ್ಟೆಗಳನ್ನಿಟ್ಟು ತಡೆದರು, ಘೋಷಣೆಗಳು ಮೊಳಗಿದವು, ಮನೆಯ ಕಾವಲು ಬಿಗಿಯಾಯಿತು. ಘಟನೆ ಇಷ್ಟೇ. ಪತ್ರಿಕೆಗಳಲ್ಲಿ ಕೆಲವು ದಿನ ಚರ್ಚೆಯಾಗಿ ಮರೆಗೆ ಸರಿಯಿತು. ಆದರೂ ಕುವೆಂಪು ಅವರ ಹೆಸರಿನ ಬಡಾವಣೆಯಲ್ಲಿ, ಕುವೆಂಪು ಅವರ ಹೆಸರಿಗೆ ಅಂಟಿಸಿದ ಮಾತಿಗಾಗಿ, ಮಾತನಾಡಿದ ಹಕ್ಕೂ ಪ್ರತಿಭಟಿಸುವ ಹಕ್ಕೂ ಒಂದೇ ಬಾಗಿಲ ಮುಂದೆ ಎದುರುಬದುರಾದ ಈ ಪ್ರಸಂಗ ಒಂದು ಸ್ಥಳೀಯ ಗದ್ದಲಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ.

ಎರಡು ಸಂಗತಿಗಳನ್ನು ಮೊದಲೇ ಬೇರ್ಪಡಿಸಬೇಕು. ಒಬ್ಬ ಕವಿಯ ಮಾತನ್ನು ಸಂದರ್ಭದಿಂದ ಕಿತ್ತು, ಆಕರವನ್ನು ಮುಂದಿಡದೆ, ಇಡೀ ಸಮುದಾಯದ ಮೇಲೆ ಎಸೆಯುವುದು ವಿಮರ್ಶೆಯ ಶಿಸ್ತಿಗೆ ಒಪ್ಪುವ ಕೆಲಸವಲ್ಲ. ಕುವೆಂಪು ಅವರು ತಾವು ಹುಟ್ಟಿದ ಸಮುದಾಯದ ಬಗ್ಗೆಯಾಗಲಿ, ಪುರೋಹಿತಶಾಹಿಯ ಬಗ್ಗೆಯಾಗಲಿ ಕಟುವಾಗಿ ಮಾತನಾಡಿದ್ದರೆ ಅದು ಒಳಗಿನವರ ಕಟುತ್ವ. ಅದನ್ನು ಹೊರಗಿನ ದನಿಯಲ್ಲಿ ಮರುನುಡಿದಾಗ ಅರ್ಥ ಬದಲಾಗುತ್ತದೆಂಬುದು ಜಾನಪದ ಅಧ್ಯಯನ ಬಲ್ಲವರಿಗೆ ಹೊಸದೇನಲ್ಲ. ಬಯ್ಗುಳದ ಅರ್ಥ ಪದಕೋಶದಲ್ಲಿರುವುದಿಲ್ಲ, ಬಯ್ಯುವವರ ಮತ್ತು ಬಯ್ಯಿಸಿಕೊಳ್ಳುವವರ ನಂಟಿನಲ್ಲಿರುತ್ತದೆ. ಆದುದರಿಂದ ಆ ಮಾತಿಗೆ ಸಿಟ್ಟು ಬಂದದ್ದು ಸಹಜ, ಆ ಸಿಟ್ಟನ್ನು ಬೀದಿಯಲ್ಲಿ ವ್ಯಕ್ತಪಡಿಸುವ ಹಕ್ಕೂ ಸಂವಿಧಾನದ 19ನೆಯ ವಿಧಿಯ ಒಳಗಿನದೇ. ಎರಡನೆಯ ಸಂಗತಿ ಬೇರೆಯದು. ಸಭೆಯಲ್ಲಿ ಆಡಿದ ಮಾತಿಗೆ ಸಭೆಯಲ್ಲಿ ಉತ್ತರ ಕೊಡುವ ಬದಲು ಆಡಿದವರ ಮನೆಬಾಗಿಲನ್ನು ಆರಿಸಿಕೊಳ್ಳುವುದು ಪ್ರತಿಭಟನೆಯ ಸ್ವರೂಪವನ್ನೇ ಬದಲಿಸುತ್ತದೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರು ಕೊಲೆಯಾದದ್ದು ತಮ್ಮ ತಮ್ಮ ಮನೆಯ ಬಾಗಿಲಲ್ಲೇ. ಆ ಬಳಿಕ ಕರ್ನಾಟಕದಲ್ಲಿ ಲೇಖಕರೊಬ್ಬರ ಬಾಗಿಲ ಮುಂದೆ ಗುಂಪು ಸೇರುವುದಕ್ಕೆ, ಸೇರಿದವರ ಉದ್ದೇಶ ಎಷ್ಟೇ ಶಾಂತವಾಗಿದ್ದರೂ, ಮೊದಲಿನ ಅರ್ಥ ಉಳಿದಿಲ್ಲ.

ಬಾಗಿಲಿಗೆ ಹೋಗಿ ಕೂರುವುದು ಭಾರತೀಯ ಲೋಕಪರಂಪರೆಯಲ್ಲಿ ಹಳೆಯ ಕ್ರಮ. ಸಾಲ ಕೊಟ್ಟವನು ಸಾಲಗಾರನ ಮನೆಯ ಮುಂದೆ ಅನ್ನನೀರು ಬಿಟ್ಟು ಕೂರುತ್ತಿದ್ದ. ಕುಳಿತವನು ಸತ್ತರೆ ಪಾಪ ಮನೆಯವರನ್ನು ಸುತ್ತಿಕೊಳ್ಳುತ್ತದೆಂಬ ಭಯವೇ ಅಲ್ಲಿಯ ಆಯುಧ. ಮರಾಠಿ-ಹಿಂದಿಗಳ ‘ಧರಣೆ’, ‘ಧರ್ನಾ’ ಕನ್ನಡಕ್ಕೆ ಬರುವಾಗ ನೆಲವೆಂಬ ಅರ್ಥದ ‘ಧರಣಿ’ಯೊಂದಿಗೆ ಬೆರೆತುಹೋದದ್ದು ಭಾಷೆಯ ಒಂದು ಚೆಲುವಾದ ಅಪಘಾತ, ಕನ್ನಡ ಕಿವಿಗೆ ಧರಣಿ ಕೂರುವುದೆಂದರೆ ನೆಲ ಹಿಡಿದು ಕೂರುವುದೇ ಆಗಿದೆ. ವಸಾಹತು ಆಡಳಿತ ಈ ಪದ್ಧತಿಯನ್ನು ಅಪರಾಧವೆಂದು ಪರಿಗಣಿಸಿತು. 1860ರ ಭಾರತೀಯ ದಂಡ ಸಂಹಿತೆಯ 508ನೆಯ ಕಲಂ ದೈವಕೋಪಕ್ಕೆ ಗುರಿಯಾಗುವಿರೆಂದು ನಂಬಿಸಿ ಒತ್ತಾಯಿಸುವುದನ್ನು ಶಿಕ್ಷಾರ್ಹಗೊಳಿಸಿತು. ಆ ಕಲಮಿಗೆ ಕೊಟ್ಟ ಮೊದಲ ಉದಾಹರಣೆಯೇ ಇನ್ನೊಬ್ಬರ ಬಾಗಿಲಲ್ಲಿ ಧರಣಿ ಕೂರುವುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 354ನೆಯ ಕಲಮಿನಲ್ಲಿ ಅದೇ ಅಪರಾಧ ಮುಂದುವರಿದಿದೆ. ಅಂದರೆ ಗಾಂಧೀಯುಗದ ನಂತರ ಅಹಿಂಸೆಯ ಪ್ರತೀಕವೆನಿಸಿದ ಒಂದು ಆಚರಣೆ ಮೂಲದಲ್ಲಿ ಬಲಪ್ರಯೋಗದ ಒಂದು ಬಗೆಯಾಗಿತ್ತು. ಹಳ್ಳಿಗಳಲ್ಲಿ ಅನ್ಯಾಯಕ್ಕೊಳಗಾದ ಹೆಂಗಸು ಎದುರಾಳಿಯ ಮನೆಯ ಮುಂದೆ ಹಿಡಿಮಣ್ಣು ತೂರಿ ಶಾಪ ಹಾಕುವುದೂ ಇದೇ ಜಾತಿಯದು. ಅದರಲ್ಲಿ ಕೈ ಮಾಡುವುದಿಲ್ಲ, ಕಲ್ಲು ಎತ್ತುವುದಿಲ್ಲ. ಆದರೂ ಅದನ್ನು ಶಾಂತಿಯುತವೆಂದು ಕರೆಯಲು ನಾಲಗೆ ಏಳದು.

ಇಲ್ಲಿ ಗಮನಿಸಬೇಕಾದದ್ದು ಬಲದ ದಿಕ್ಕು. ಮಣ್ಣು ತೂರುವವಳು ದುರ್ಬಲಳು; ಅವಳಿಗೆ ನ್ಯಾಯಪಂಚಾಯಿತಿಯ ಕಟ್ಟೆಯಲ್ಲಿ ಜಾಗವಿಲ್ಲ, ಅದಕ್ಕೇ ಬಾಗಿಲಿಗೆ ಹೋಗುತ್ತಾಳೆ. ಧರಣಿಯನ್ನು ಚಳವಳಿಗಳು ಎತ್ತಿಕೊಂಡಾಗ ಸಾಲಗಾರನ ಬಾಗಿಲಿನ ಜಾಗಕ್ಕೆ ಕಚೇರಿಯ ಬಾಗಿಲು ಬಂತು. ದೈವಕೋಪದ ಜಾಗಕ್ಕೆ ಜನಾಭಿಪ್ರಾಯ ಬಂತು. ಈ ಎರಡು ಬದಲಾವಣೆಗಳೇ ಅದನ್ನು ಪ್ರಜಾಪ್ರಭುತ್ವಕ್ಕೆ ಒಗ್ಗಿಸಿದವು. ಸಂಖ್ಯಾಬಲವುಳ್ಳ ಗುಂಪೊಂದು ಒಂಟಿ ವ್ಯಕ್ತಿಯ ವಸತಿಯ ಮುಂದೆ ನಿಂತಾಗ ಅದು ಕಚೇರಿಯ ಮುಂದಿನ ಧರಣಿಗಿಂತ ಹಳೆಯ ಸಾಲಗಾರನ ಬಾಗಿಲಿನ ಧರಣೆಗೇ ಹತ್ತಿರವಾಗುತ್ತದೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯ ವಾಕ್ ಸ್ವಾತಂತ್ರ್ಯದ ವಿಷಯದಲ್ಲಿ ಬಹಳ ಉದಾರವೆಂದು ಹೆಸರಾದದ್ದು. ಅದೂ 1988ರ ಫ್ರಿಸ್ಬಿ ಪ್ರಕರಣದಲ್ಲಿ ಒಬ್ಬ ವ್ಯಕ್ತಿಯ ಮನೆಯನ್ನೇ ಗುರಿಯಾಗಿಸಿದ ಪಿಕೆಟಿಂಗನ್ನು ಸ್ಥಳೀಯ ಆಡಳಿತ ನಿಷೇಧಿಸಬಹುದೆಂದು ಒಪ್ಪಿತು. ಮನೆಯೊಳಗೆ ಇರುವವನಿಗೆ ಕಿವಿ ಮುಚ್ಚಿಕೊಂಡು ಎದ್ದುಹೋಗುವ ಅವಕಾಶವಿಲ್ಲ ಎಂಬುದು ಅದರ ಹಿಂದಿನ ತರ್ಕ.

ಹಾಗಾದರೆ ಕುವೆಂಪುನಗರದ ನಿವಾಸಿಗಳು ಪರಸ್ಪರ ವಿರೋಧಿಸಬೇಕಾದರೆ ಎಲ್ಲಿ ವಿರೋಧಿಸಬೇಕು? ಪ್ರಶ್ನೆ ತಮಾಷೆಯದಲ್ಲ. ಮೈಸೂರಿನಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ 1903ರಲ್ಲೇ ಸ್ಥಾಪಿತವಾಗಿ ಬಡಾವಣೆಗಳ ರಚನೆಗೆ ನಾಂದಿ ಹಾಡಿತು. ಹೀಗೆ ಯೋಜಿಸಿ ಕಟ್ಟಿದ ಬಡಾವಣೆಯಲ್ಲಿ ನಿವೇಶನ, ರಸ್ತೆ, ಉದ್ಯಾನ, ಶಾಲೆ, ದೇವಸ್ಥಾನ, ವಾಣಿಜ್ಯ ಸಂಕೀರ್ಣ ಎಲ್ಲಕ್ಕೂ ನಕ್ಷೆಯಲ್ಲಿ ಗುರುತಿರುತ್ತದೆ. ಮಾತನಾಡುವುದಕ್ಕೆಂದು ಗುರುತಿಸಿದ ಜಾಗ ಇರುವುದಿಲ್ಲ. ಹಳ್ಳಿಯ ಅರಳಿಕಟ್ಟೆ, ಚಾವಡಿ, ಮಾರಿಗುಡಿಯ ಮುಂದಿನ ಬಯಲು ಇವು ಜಾತಿಯ ಏಣಿಶ್ರೇಣಿಯಿಂದ ಮುಕ್ತವಾಗಿರಲಿಲ್ಲ, ಕಟ್ಟೆ ಏರಲು ಎಲ್ಲರಿಗೂ ಹಕ್ಕಿರಲಿಲ್ಲ. ಆದರೂ ‘ಇದು ಮಾತಿನ ಜಾಗ’ ಎಂಬ ತಿಳಿವಳಿಕೆ ಅಲ್ಲಿತ್ತು. ಕುವೆಂಪುನಗರದಲ್ಲಿ ವಿಶ್ವಮಾನವ ಜೋಡಿರಸ್ತೆ ಇದೆ, ನೃಪತುಂಗ ರಸ್ತೆ ಇದೆ, ವೀಣೆ ಶೇಷಣ್ಣನವರ ಹೆಸರಿನ ಸಂಗೀತ ಭವನವಿದೆ. ನೆರೆಯ ರಾಮಕೃಷ್ಣನಗರದ ವೃತ್ತವೊಂದಕ್ಕೆ ದಿನಪತ್ರಿಕೆಯೊಂದರ ಮೂಲಕ ‘ಆಂದೋಲನ’ ಎಂಬ ಹೆಸರೇ ಬಂದಿದೆ. ಹೆಸರುಗಳಲ್ಲಿ ವಿಶ್ವವೂ ಚಳವಳಿಯೂ ತುಂಬಿರುವಲ್ಲಿ ನೂರು ಜನ ನಿಂತು ಮಾತನಾಡುವ ಕಟ್ಟೆಯನ್ನು ನಕ್ಷೆ ಬರೆದವರು ನೆನೆಯಲಿಲ್ಲ. ಬಡಾವಣೆಯ ಜಗಳ ಬಾಗಿಲಿಗೆ ಹೋಗುವುದಕ್ಕೆ ಇದೂ ಒಂದು ಕಾರಣವೆನ್ನಬಹುದು.

ಹಳೆಯ ಮೈಸೂರಿನ ಸ್ಥಿತಿ ಹೀಗಿರಲಿಲ್ಲ. ಸುಬ್ಬರಾಯನಕೆರೆಯ ಬಯಲು ಸ್ವಾತಂತ್ರ್ಯ ಹೋರಾಟದ ಸಭೆಗಳ ಜಾಗವಾಗಿತ್ತು. ಇಂದೂ ಅದು ಸ್ವಾತಂತ್ರ್ಯ ಹೋರಾಟಗಾರರ ಹೆಸರಿನ ಉದ್ಯಾನ. ಸಂಸ್ಥಾನದ ಆಡಳಿತ ಸಭೆಗಳನ್ನು ಸಹಿಸುತ್ತಿತ್ತೆಂದು ಇದರ ಅರ್ಥವಲ್ಲ. 1938ರ ಏಪ್ರಿಲ್ 11ರಂದು ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ನೇತೃತ್ವದಲ್ಲಿ ನಡೆದ ಧ್ವಜ ಸತ್ಯಾಗ್ರಹ ನಿಷೇಧಾಜ್ಞೆಯನ್ನು ಮುರಿದೇ ನಡೆಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಸತ್ತವರ ಸಂಖ್ಯೆಯ ಬಗ್ಗೆ ಸರ್ಕಾರದ ಲೆಕ್ಕವೂ ಜನರ ಲೆಕ್ಕವೂ ಇಂದಿಗೂ ಕೂಡಿಲ್ಲ. ಮೇ ತಿಂಗಳಲ್ಲಿ ಸರ್ದಾರ್ ಪಟೇಲರ ಮಧ್ಯಸ್ಥಿಕೆಯಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಒಪ್ಪಂದವಾಗಿ ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅವಕಾಶ ದೊರೆಯಿತು. ಇನ್ನೂ ತೀಕ್ಷ್ಣವಾದ ನೆನಪು 1947ರ ಸೆಪ್ಟೆಂಬರ್ 13ರದು. ದೇಶ ಸ್ವತಂತ್ರವಾಗಿ ತಿಂಗಳಾಗುತ್ತ ಬಂದಿತ್ತು. ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ನಡೆಯುತ್ತಿತ್ತು. ಮೈಸೂರಿನ ಬೀದಿಯಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಇಂದು ರಾಮಸ್ವಾಮಿ ವೃತ್ತವೆಂದು ಬಸ್ಸಿನ ನಿರ್ವಾಹಕರು ಕೂಗುವ ಹೆಸರು ಅವನದು. ಹೆಸರಿನ ಹಿಂದಿನ ಕಥೆ ಕೂಗುವವರಿಗೂ ಇಳಿಯುವವರಿಗೂ ಗೊತ್ತಿರಬೇಕೆಂದೇನಿಲ್ಲ. ಸ್ಥಳನಾಮಗಳು ಹೀಗೆ ಅರ್ಥ ಕಳೆದುಕೊಂಡೇ ಬಾಳುತ್ತವೆ.

ಐವತ್ತು ವರ್ಷಗಳ ಅಂತರದಲ್ಲಿ ಮೈಸೂರಿನ ಸಭಾಂಗಣಗಳಲ್ಲಿ ಆಡಿದ ಎರಡು ಮಾತುಗಳನ್ನು ಜೋಡಿಸಿ ನೋಡಬಹುದು. 1973ರ ನವೆಂಬರಿನಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಭಾಗ ‘ಬೂಸಾ’ ಎಂದರು. ಕೊಟ್ಟಿಗೆಯ ಪದವೊಂದು ವಿದ್ವತ್ ವೇದಿಕೆಗೆ ಬಂದದ್ದೇ ಅರ್ಧ ಅಪರಾಧವಾಯಿತು. ಬೂಸಾ ತಿನ್ನಿಸಿ ದನ ಸಾಕುವವರ ಬಾಯಲ್ಲಿ ಅದು ಹೀನಪದವಲ್ಲ, ಆದರೆ ಮೇವು ಯಾವುದು ಅನ್ನ ಯಾವುದು ಎಂಬ ಭೇದ ಆ ಪದದಲ್ಲಿ ಖಚಿತವಾಗಿದೆ. ರಾಜ್ಯದಾದ್ಯಂತ ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಸಚಿವರು ರಾಜೀನಾಮೆ ಕೊಡಬೇಕಾಯಿತು. ಆ ಹಲ್ಲೆಗಳ ಅನುಭವದಿಂದಲೇ ದಲಿತ ಯುವಕರು ಸಂಘಟಿತರಾಗಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತೆಂಬುದು ಈಗ ಚರಿತ್ರೆ. ಅದರ ಜಾಥಾಗಳಲ್ಲಿ ತಮಟೆ ಊರ ಚಾಕರಿಯ ವಾದ್ಯವಾಗಿ ಉಳಿಯದೆ ಚಳವಳಿಯ ದನಿಯಾಯಿತು. ಸಾವಿನ ಸುದ್ದಿಗೂ ಮಾರಿಯ ಮೆರವಣಿಗೆಗೂ ಮಾತ್ರ ಬಾರಿಸಬೇಕಾಗಿದ್ದವರು ತಮ್ಮ ಇಷ್ಟದ ಹೊತ್ತಿಗೆ, ತಮ್ಮ ಇಷ್ಟದ ಬೀದಿಯಲ್ಲಿ ಬಾರಿಸಿದರು. ಕನ್ನಡ ಜಾನಪದ ಚರಿತ್ರೆಯಲ್ಲಿ ಪಠ್ಯ ಬದಲಾಗದೆಯೇ ಪ್ರದರ್ಶನದ ನೆಲೆ ಬದಲಾದುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗುವುದು ಕಷ್ಟ.

1973ರಲ್ಲಿ ಮತ್ತು 2023ರಲ್ಲಿ ಸಿಟ್ಟಿನ ಕಾರಣಗಳು ಒಂದೇ ಬಗೆಯವಲ್ಲ. ಬಸವಲಿಂಗಪ್ಪನವರದು ಒಂದು ಸಾಹಿತ್ಯದ ಬಗೆಗಿನ ತೀರ್ಪು. ಅದಕ್ಕೆ ಪುಸ್ತಕಗಳಿಂದ ಉತ್ತರ ಕೊಡಬಹುದಿತ್ತು. ಎರಡನೆಯದು ಒಂದು ಜನವರ್ಗದ ಬಗೆಗಿನ ಮಾತು. ಆದರೆ ಎರಡರಲ್ಲೂ ಕೇಳಿದವರು ಮಾತಿನ ಹಿಂದಿನ ವಾದವನ್ನು ಬಿಟ್ಟು ಒಂದೇ ಪದವನ್ನು ಹಿಡಿದುಕೊಂಡರು.

ಜಾನಪದದಲ್ಲಿ ಮಾತಿನ ಸ್ವಾತಂತ್ರ್ಯವನ್ನು ಹುಡುಕುವವರು ಸಾಮಾನ್ಯವಾಗಿ ಬಯ್ಗುಳದ ಹಬ್ಬಗಳನ್ನು ತೋರಿಸುತ್ತಾರೆ. ಮೈಸೂರಿಗೆ ನೆರೆಯಾದ ಕೊಡಗಿನಲ್ಲಿ, ಗೋಣಿಕೊಪ್ಪಲಿಗೆ ಸಮೀಪದ ದೇವರಪುರದಲ್ಲಿ, ಮೇ ತಿಂಗಳಿನಲ್ಲಿ ನಡೆಯುವ ಕುಂಡೆ ಹಬ್ಬ ಇವುಗಳಲ್ಲಿ ಪ್ರಸಿದ್ಧ. ಕಾಫಿ ತೋಟಗಳಲ್ಲಿ ದುಡಿಯುವ ಜೇನುಕುರುಬರು, ಯರವರು ಮೊದಲಾದವರು ಆ ದಿನ ಹೆಣ್ಣುವೇಷ ಮೊದಲಾದ ಬಗೆಬಗೆಯ ವೇಷ ತೊಟ್ಟು ಬೀದಿ ಬೀದಿಯಲ್ಲಿ ಕುಣಿಯುತ್ತಾರೆ. ಅಂಗಡಿಗಳ ಮುಂದೆ ನಿಂತು, ವಾಹನಗಳನ್ನು ತಡೆದು ಬಯ್ದು ಹಣ ಕೇಳುತ್ತಾರೆ. ದೇವರಿಗೂ ಬಯ್ಗುಳ ತಪ್ಪದು. ಬೇಟೆಗೆಂದು ತಮ್ಮನ್ನು ಕಾಡಿಗೆ ಕರೆತಂದ ಅಯ್ಯಪ್ಪ ಭದ್ರಕಾಳಿಯ ಮೋಹಕ್ಕೆ ಸಿಕ್ಕಿ ತಮ್ಮನ್ನು ನಡುಗಾಡಿನಲ್ಲಿ ಕೈಬಿಟ್ಟನೆಂಬ ಕಥೆ ಆ ಬಯ್ಗುಳಕ್ಕೆ ಆಧಾರ. ಕೊನೆಗೆ ದೇವರ ಸನ್ನಿಧಿಯಲ್ಲಿ ತಪ್ಪೊಪ್ಪಿಕೊಂಡು ಕಾಣಿಕೆ ಸಲ್ಲಿಸುತ್ತಾರೆ. ಮಾರನೆಯ ದಿನ ತೋಟದ ಲೈನ್‌ಮನೆಗಳಿಗೆ, ಅದೇ ಸಾಹುಕಾರರ ಕೆಲಸಕ್ಕೆ ಮರಳುತ್ತಾರೆ.

ಇಂತಹ ಆಚರಣೆಗಳನ್ನು ಕುರಿತು ಮಾನವಶಾಸ್ತ್ರದಲ್ಲಿ ಎರಡು ನಿಲುವುಗಳಿವೆ. ಆಫ್ರಿಕದ ಆಗ್ನೇಯ ಭಾಗದ ಬಂಡಾಯದ ಆಚರಣೆಗಳನ್ನು ಕುರಿತ ಮ್ಯಾಕ್ಸ್ ಗ್ಲಕ್‌ಮನ್ನರ 1952ರ ಉಪನ್ಯಾಸದ ಪ್ರಕಾರ ಇವು ವ್ಯವಸ್ಥೆಯನ್ನು ಅಲುಗಿಸುವುದಿಲ್ಲ, ಬದಲಿಗೆ ಭದ್ರಗೊಳಿಸುತ್ತವೆ. ಒಂದು ದಿನದ ಬಂಡಾಯ ಉಳಿದ ದಿನಗಳ ವಿಧೇಯತೆಗೆ ಕೊಡುವ ಬೆಲೆ. ಬಖ್ತಿನ್ ಕಾರ್ನಿವಾಲಿನ ನಗೆಯಲ್ಲಿ ಅಧಿಕಾರದ ಗಾಂಭೀರ್ಯ ಕಳಚಿಬೀಳುವುದನ್ನು ಕಂಡ. ಕನ್ನಡದಲ್ಲಿ ಬಖ್ತಿನ್‌ನ ಪಕ್ಷಕ್ಕೇ ಒಲವು ಹೆಚ್ಚು. ಈ ಒಲವಿಗೆ ಒಂದು ಆಕ್ಷೇಪವನ್ನು ಎತ್ತಬೇಕಾಗುತ್ತದೆ. ಹಬ್ಬದ ಬಯ್ಗುಳಕ್ಕೆ ದಿನ ಗೊತ್ತು, ಜಾಗ ಗೊತ್ತು, ಬಯ್ಯುವವರು ಯಾರೆಂಬುದು ಗೊತ್ತು, ಕೊನೆಗೆ ತಪ್ಪುಕಾಣಿಕೆಯೂ ಗೊತ್ತು. ಪೊಲೀಸ್ ಆಯುಕ್ತರ ಅನುಮತಿ ಪತ್ರದಲ್ಲಿ ಇರುವುದೂ ಇವೇ: ದಿನ, ಹೊತ್ತು, ಜಾಗ, ಸಂಘಟಕರ ಹೆಸರು, ಷರತ್ತು ಮೀರಿದರೆ ಶಿಕ್ಷೆ. ಹಬ್ಬದ ಪರವಾನಗಿಯನ್ನು ಸ್ವಾತಂತ್ರ್ಯವೆಂದು ಕೊಂಡಾಡಿ ಆಯುಕ್ತರ ಪರವಾನಗಿಯನ್ನು ಮಾತ್ರ ದಮನವೆಂದು ಕರೆಯುವುದು ವಿಚಾರದ ಸಡಿಲತೆ.

ಆದರೆ ವ್ಯತ್ಯಾಸ ಇಲ್ಲವೆಂದಲ್ಲ, ಅದು ಬೇರೆಡೆ ಇದೆ. ಕುಂಡೆ ಹಬ್ಬದಲ್ಲಿ ಬಯ್ಯಿಸಿಕೊಳ್ಳಬೇಕಾದವನು ತಪ್ಪಿಸಿಕೊಳ್ಳುವಂತಿಲ್ಲ. ವಾಹನ ನಿಲ್ಲಲೇಬೇಕು, ಅಂಗಡಿಯವನು ನಕ್ಕು ಕಾಸು ಬಿಚ್ಚಲೇಬೇಕು, ದೇವರೂ ಕೇಳಲೇಬೇಕು. ಹಬ್ಬ ಮಾತಿಗೆ ಮಿತಿ ಹಾಕಿದರೂ ಕೇಳುವ ಬಾಧ್ಯತೆಯನ್ನು ಎದುರಿನವರ ಮೇಲೆ ಹೊರಿಸುತ್ತದೆ. ಆಧುನಿಕ ಅನುಮತಿ ಪತ್ರ ಮಾತನಾಡಲು ಬಿಡುತ್ತದೆ, ಕೇಳಬೇಕಾದವರನ್ನು ಬಾಧ್ಯತೆಯಿಂದ ಬಿಡುಗಡೆ ಮಾಡುತ್ತದೆ. ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನ ಇದಕ್ಕೆ ಸ್ಪಷ್ಟ ನಿದರ್ಶನ. ತುರ್ತುಪರಿಸ್ಥಿತಿಯಲ್ಲಿ ರಾಜಕೀಯ ಕೈದಿಗಳನ್ನು ಇಟ್ಟಿದ್ದ ಹಳೆಯ ಕೇಂದ್ರ ಕಾರಾಗೃಹದ ಆವರಣ 2008ರಲ್ಲಿ ಉದ್ಯಾನವಾಯಿತು. 2021ರಲ್ಲಿ ಮೆರವಣಿಗೆಗಳಿಂದಾಗುವ ಸಂಚಾರದ ತೊಂದರೆಯನ್ನು ಹೈಕೋರ್ಟ್ ಸ್ವಯಂಪ್ರೇರಿತವಾಗಿ ವಿಚಾರಣೆಗೆ ಎತ್ತಿಕೊಂಡಿತು. ಅದೇ ವರ್ಷ ಬೆಂಗಳೂರು ನಗರಕ್ಕೆ ಪ್ರತಿಭಟನೆಗಳ ಪರವಾನಗಿ ಮತ್ತು ನಿಯಂತ್ರಣದ ಆದೇಶ ಬಂದಿತು. ಅದರಂತೆ ಉದ್ಯಾನದ ಹೊರಗೆ ಪ್ರತಿಭಟಿಸುವಂತಿಲ್ಲ. 2022ರಲ್ಲಿ ನ್ಯಾಯಾಲಯವೂ ಅದರ ಪಾಲನೆಯಾಗಲೆಂದಿತು. ಆಂಬುಲೆನ್ಸ್ ಸಿಕ್ಕಿಕೊಳ್ಳುವ ಬೆಂಗಳೂರಿನ ರಸ್ತೆಗಳನ್ನು ಬಲ್ಲವರು ಈ ಕಾಳಜಿಯನ್ನು ತಳ್ಳಿಹಾಕಲಾರರು. ಆದರೆ ಸೆರೆಮನೆಯ ಗೋಡೆಯ ಒಳಗೆ ಘೋಷಣೆ ಕೂಗಿದಾಗ ಕೇಳುವವರು ಕಾವಲಿನ ಪೊಲೀಸರು ಮತ್ತು ಪಕ್ಕದ ಶಾಮಿಯಾನದ ಪ್ರತಿಭಟನಕಾರರು ಮಾತ್ರ.

ನ್ಯಾಯಾಲಯಗಳು ಈ ಪ್ರಶ್ನೆಯನ್ನು ಒಂದೇ ಬಗೆಯಲ್ಲಿ ನೋಡಿಲ್ಲ. ಸಾರ್ವಜನಿಕ ಬೀದಿಯಲ್ಲಿ ಸಭೆ ನಡೆಸಲು ಅನುಮತಿ ನಿರಾಕರಿಸುವ ಅಧಿಕಾರವನ್ನು ಮಾನದಂಡವಿಲ್ಲದೆ ಪೊಲೀಸರ ಕೈಗೆ ಕೊಟ್ಟಿದ್ದ ಅಹಮದಾಬಾದಿನ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 1972ರ ಹಿಮ್ಮತ್‌ಲಾಲ್ ಷಾ ಪ್ರಕರಣದಲ್ಲಿ ತಳ್ಳಿಹಾಕಿತು. ನಿಯಂತ್ರಿಸಬಹುದು, ಇಲ್ಲವಾಗಿಸುವಂತಿಲ್ಲ ಎಂಬುದು ಅದರ ತಾತ್ಪರ್ಯ. 2018ರಲ್ಲಿ ದೆಹಲಿಯ ಜಂತರ್ ಮಂತರ್ ನಿಷೇಧವನ್ನು ಪರಿಶೀಲಿಸಿದಾಗ ನಿವಾಸಿಗಳ ನೆಮ್ಮದಿಯ ಹಕ್ಕನ್ನೂ ಎಣಿಸಿತು, ಆದರೆ ಸಂಪೂರ್ಣ ನಿಷೇಧವನ್ನು ಒಪ್ಪಲಿಲ್ಲ. 2020ರ ಶಾಹೀನ್ ಬಾಗ್ ತೀರ್ಪಿನಲ್ಲಿ ಗೊತ್ತುಪಡಿಸಿದ ಜಾಗಗಳ ಕಡೆಗೆ ವಾಲಿತು. ಕರ್ನಾಟಕದಲ್ಲಿ 2019ರ ಡಿಸೆಂಬರ್ 18ರಂದು ಬೆಂಗಳೂರಿನಲ್ಲಿ ಹೊರಡಿಸಿದ ನಿಷೇಧಾಜ್ಞೆಯ ಮರುದಿನ ಪುರಭವನದ ಮುಂದೆ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ಎಳೆದೊಯ್ದ ದೃಶ್ಯ ದೇಶವೆಲ್ಲ ಕಂಡದ್ದು. 2020ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ಆಜ್ಞೆಯನ್ನು ಕಾನೂನುಬಾಹಿರವೆಂದಿತು. ತೀರ್ಪು ಬರುವ ಹೊತ್ತಿಗೆ ಆಜ್ಞೆಯ ಅವಧಿ ಮುಗಿದು ಎಷ್ಟೋ ದಿನಗಳಾಗಿದ್ದವು. ಮೂರು ದಿನದ ನಿಷೇಧಕ್ಕೆ ಎರಡು ತಿಂಗಳ ನಂತರದ ನ್ಯಾಯ ದೊರೆಯಿತು.

ಮೈಸೂರಿಗೆ ಮರಳಿದರೆ, ಮಹಿಷ ದಸರಾ ವಿವಾದ ಜಾನಪದ ವಿದ್ವಾಂಸರನ್ನು ನೇರವಾಗಿ ಎಳೆದುತರುತ್ತದೆ. ಚಾಮುಂಡಿ ಬೆಟ್ಟದಲ್ಲಿ ಒಂದು ಕೈಯಲ್ಲಿ ಖಡ್ಗ, ಇನ್ನೊಂದರಲ್ಲಿ ಸರ್ಪ ಹಿಡಿದ ಮಹಿಷಾಸುರನ ಪ್ರತಿಮೆ ಪ್ರವಾಸಿಗರಿಗೆಲ್ಲ ಪರಿಚಿತ. ದಲಿತ ಮತ್ತು ಬೌದ್ಧ ಹಿನ್ನೆಲೆಯ ಸಂಘಟನೆಗಳು ಆತನನ್ನು ಈ ನಾಡಿನ ಅರಸನೆಂದು ಸ್ಮರಿಸಿ ದಸರೆಗೆ ಮೊದಲು ಪ್ರತಿಮೆಗೆ ಹೂ ಸಲ್ಲಿಸತೊಡಗಿದವು. 2019ರಲ್ಲಿ ಆಗಿನ ಸಂಸದರ ವಿರೋಧದ ನಂತರ ಬೆಟ್ಟದಲ್ಲಿ ಹಾಕಿದ್ದ ವೇದಿಕೆಯನ್ನು ತೆಗೆಸಲಾಯಿತು. 2023ರಲ್ಲಿ ಸಮಿತಿ ಮತ್ತೆ ಬೆಟ್ಟದ ಆಚರಣೆಯನ್ನು ಘೋಷಿಸಿದಾಗ ಅದನ್ನು ತಡೆಯಲೆಂದು ‘ಚಾಮುಂಡಿ ಚಲೋ’ ಕರೆ ಹೊರಟಿತು. ಪೊಲೀಸರು ಎರಡಕ್ಕೂ ಅನುಮತಿ ನಿರಾಕರಿಸಿ ನಿಷೇಧಾಜ್ಞೆ ಹೊರಡಿಸಿದರು. ಮಹಿಷ ದಸರಾ ಪುರಭವನಕ್ಕೆ ಸೀಮಿತವಾಯಿತು. 2024ರಲ್ಲೂ ಬೆಟ್ಟಕ್ಕೆ ನಿಷೇಧ ಬಂದಿತು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 144ನೆಯ ಕಲಮಿನ ಜಾಗದಲ್ಲಿ ಆ ಹೊತ್ತಿಗೆ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಂ ಬಂದಿತ್ತು.

ಇಬ್ಬರನ್ನೂ ಸಮಾನವಾಗಿ ತಡೆದದ್ದು ಮೇಲ್ನೋಟಕ್ಕೆ ನಿಷ್ಪಕ್ಷಪಾತವೆನಿಸುತ್ತದೆ. ಆದರೆ ಒಬ್ಬರು ಸೇರಲು ಬಯಸಿದವರು, ಇನ್ನೊಬ್ಬರು ಸೇರದಂತೆ ಮಾಡಲು ಬಯಸಿದವರು. ಇಬ್ಬರನ್ನೂ ತಡೆದರೆ ಎರಡನೆಯವರ ಬಯಕೆ ಈಡೇರುತ್ತದೆ. ಜಾತಿ ಮತ್ತು ಮೀಸಲಾತಿಯನ್ನು ಕುರಿತ ತಮಿಳು ಚಿತ್ರವೊಂದರ ಬಗ್ಗೆ 1989ರ ರಂಗರಾಜನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು ಇದನ್ನೇ: ಗಲಭೆಯ ಬೆದರಿಕೆಯಿದೆಯೆಂದು ಅಭಿವ್ಯಕ್ತಿಯನ್ನು ಅಡಗಿಸುವಂತಿಲ್ಲ, ಅದನ್ನು ಕಾಪಾಡುವುದೇ ಪ್ರಭುತ್ವದ ಹೊಣೆ. ದಸರೆಯ ಜನಜಂಗುಳಿಯ ಹೊತ್ತಿನಲ್ಲಿ ಒಂದು ಕಿರಿದಾದ ಬೆಟ್ಟದ ರಸ್ತೆಯಲ್ಲಿ ಎರಡು ಗುಂಪುಗಳನ್ನು ನಿಭಾಯಿಸುವ ಅಧಿಕಾರಿಯ ಕಷ್ಟ ಅರ್ಥವಾಗುವಂಥದು. ಒಂದು ವರ್ಷದ ಕಷ್ಟ ಪ್ರತಿವರ್ಷದ ರೂಢಿಯಾಗುವುದು ಒಪ್ಪುವಂಥದಲ್ಲ.

ಈ ವಿವಾದದಲ್ಲಿ ವಿದ್ವಾಂಸರು ನಿರ್ವಹಿಸಿದ ಪಾತ್ರವೂ ವಿಮರ್ಶೆಗೆ ಒಳಗಾಗಬೇಕು. ಮಹಿಷ ಐತಿಹಾಸಿಕ ವ್ಯಕ್ತಿಯೇ ಎಂಬ ಪ್ರಶ್ನೆಗೆ ಪರ-ವಿರೋಧದ ಆಧಾರಗಳು ಧಾರಾಳವಾಗಿ ಹರಿದುಬಂದವು. ಅಶೋಕನ ಕಾಲದಲ್ಲಿ ಮಹಾದೇವನೆಂಬ ಥೇರನನ್ನು ಮಹಿಷಮಂಡಲಕ್ಕೆ ಕಳಿಸಿದ್ದನ್ನು ‘ಮಹಾವಂಸ’ ಹೇಳುತ್ತದೆ. ಆ ಮಂಡಲ ಮೈಸೂರು ಸೀಮೆಯೇ ಎಂಬುದರಲ್ಲಿ ಒಮ್ಮತವಿಲ್ಲ; ಒಪ್ಪಿದರೂ ಅದು ನಾಡಿನ ಹೆಸರೇ ಹೊರತು ಮಹಿಷನೆಂಬ ಬೌದ್ಧ ಅರಸನಿಗೆ ಸಾಕ್ಷಿಯಲ್ಲ. ಆಚರಣೆಯ ಪರವಾಗಿರುವವರು ಈ ದುರ್ಬಲ ಆಧಾರದ ಮೇಲೆ ಇಷ್ಟು ಭಾರ ಹೇರಬಾರದಿತ್ತು. ವಿರೋಧಿಗಳು ‘ಚರಿತ್ರೆಯಲ್ಲಿ ಇಲ್ಲದವನಿಗೆ ಉತ್ಸವವೇಕೆ’ ಎಂದು ಕೇಳಿದ್ದಂತೂ ಇನ್ನೂ ವಿಚಿತ್ರ. ಆ ಅಳತೆಗೋಲಿನಿಂದ ಅಳೆದರೆ ನಾಡಿನ ಯಾವ ಜಾತ್ರೆ ಉಳಿದೀತು? ಐತಿಹ್ಯದ ಸತ್ಯವನ್ನು ಸಾಬೀತುಪಡಿಸಿದ ಮೇಲೆಯೇ ಸ್ಮರಿಸುವ ಹಕ್ಕು ದೊರೆಯುವುದೆಂದು ಒಪ್ಪಿಕೊಂಡದ್ದು ಎರಡೂ ಕಡೆಯವರ ತಪ್ಪು. ಐತಿಹ್ಯದ ಕೆಲಸ ಬೇರೆ ಎಂದು ಹೇಳಬೇಕಾಗಿದ್ದ ಜಾನಪದ ವಿದ್ವಾಂಸರ ದನಿ ಆ ಗದ್ದಲದಲ್ಲಿ ಕ್ಷೀಣವಾಗಿತ್ತು.

ಹೇಳಬಹುದಾಗಿದ್ದದ್ದು ಇದು. ಈ ಸೀಮೆಯ ಮೌಖಿಕ ಪರಂಪರೆಯಲ್ಲಿ ಚಾಮುಂಡಿ ಮಹಿಷಮರ್ದಿನಿ ಮಾತ್ರ ಅಲ್ಲ. ಅವಳು ನಂಜನಗೂಡಿನ ನಂಜುಂಡನನ್ನು ಒಲಿದವಳು, ಸವತಿಯೊಡನೆ ಜಗಳಕ್ಕಿಳಿಯುವವಳು, ನೆತ್ತರ ಹನಿಯೊಂದೊಂದರಿಂದ ರಕ್ಕಸರು ಹುಟ್ಟುವಾಗ ಉತ್ತನಹಳ್ಳಿಯ ತಂಗಿಯ ನೆರವು ಪಡೆದು ಗೆದ್ದವಳು. ಹಾಡುಗಳಲ್ಲಿ ದೇವಿಯ ಬಾಯಿಗೂ ಸವತಿಯ ಬಾಯಿಗೂ ಹಳ್ಳಿಯ ಬಯ್ಗುಳ ಸರಾಗವಾಗಿ ಬರುತ್ತದೆ. ಇದರಿಂದ ಯಾರ ಭಾವನೆಗೂ ಧಕ್ಕೆಯಾಯಿತೆಂಬ ದೂರಿಲ್ಲ. ಏಕೆಂದರೆ ಹಾಡುವವರು ದೇವಿಯ ಒಕ್ಕಲು. ಮಹಿಷನಿಗೆ ಹೂವಿಡುವವರನ್ನು ಮಾತ್ರ ಹೊರಗಿನವರೆಂದು ಕಾಣಲಾಯಿತು. ಆಕ್ಷೇಪ ಕಥೆಯ ಪಾಠಾಂತರಕ್ಕಲ್ಲ, ಪಾಠಾಂತರವನ್ನು ಹಕ್ಕಾಗಿ ಮಂಡಿಸಿದ್ದಕ್ಕೆ. ಜಾರ್ಖಂಡ್-ಬಂಗಾಳ ಭಾಗದ ಅಸುರ್ ಸಮುದಾಯದವರು ದುರ್ಗಾಪೂಜೆಯನ್ನು ಶೋಕದ ದಿನವಾಗಿ ಪಾಲಿಸಿಕೊಂಡು ಬಂದದ್ದು ತಮ್ಮ ಮನೆಗಳೊಳಗೆ ಇದ್ದಷ್ಟು ಕಾಲ ಜನಾಂಗಶಾಸ್ತ್ರದ ಅಡಿಟಿಪ್ಪಣಿಯಾಗಿತ್ತು. ಅದು ವಿಶ್ವವಿದ್ಯಾಲಯದ ಆವರಣಕ್ಕೂ ಭಿತ್ತಿಪತ್ರಕ್ಕೂ ಬಂದಾಗ ಸಂಸತ್ತಿನಲ್ಲಿ ಕೋಲಾಹಲವಾಯಿತು.

ಪುರಭವನಕ್ಕೆ ಸರಿದದ್ದರಲ್ಲಿ ಇನ್ನೊಂದು ಸಂಗತಿ ಅಡಗಿದೆ. ಆ ಕಟ್ಟಡ ದಿವಾನ್ ರಂಗಾಚಾರ್ಲು ಅವರ ಸ್ಮಾರಕ. 1881ರಲ್ಲಿ ಅವರು ಆರಂಭಿಸಿದ ಮೈಸೂರು ಪ್ರಜಾಪ್ರತಿನಿಧಿ ಸಭೆ ಕೂಡುತ್ತಿದ್ದದ್ದು ದಸರೆಯ ಸಮಯದಲ್ಲಿ. ಸೀಮಿತ ವರ್ಗದವರೇ ಆದರೂ, ಊರೂರಿನಿಂದ ಬಂದವರು ತಮ್ಮ ಅಹವಾಲುಗಳನ್ನು ದೊರೆಯ ಸರ್ಕಾರದ ಮುಂದೆ ಇಡುತ್ತಿದ್ದದ್ದು ಜಂಬೂಸವಾರಿಯ ದಿನಗಳಲ್ಲೇ. ದಸರೆಗೂ ದೂರಿಗೂ ನಂಟು ಹೊಸದಲ್ಲ.

ಮಾನಸಗಂಗೋತ್ರಿಯ ಪ್ರಸಂಗವನ್ನು ಚಿಕ್ಕದಾಗಿಯಾದರೂ ಹೇಳದಿದ್ದರೆ ಚಿತ್ರ ಅಪೂರ್ಣ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ನಡೆದ ಹಲ್ಲೆಯನ್ನು ಖಂಡಿಸಿ 2020ರ ಜನವರಿ 8ರಂದು ಅಲ್ಲಿ ವಿದ್ಯಾರ್ಥಿಗಳು ಸೇರಿದ್ದರು. ಕಾಶ್ಮೀರವನ್ನು ಮುಕ್ತಗೊಳಿಸಿ ಎಂಬರ್ಥದ ಎರಡು ಇಂಗ್ಲಿಷ್ ಪದಗಳ ಫಲಕ ಹಿಡಿದಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬರ ಮೇಲೆ ರಾಜದ್ರೋಹದ ಮೊಕದ್ದಮೆ ದಾಖಲಾಯಿತು. ಅಲ್ಲಿಯ ಇಂಟರ್ನೆಟ್ ನಿರ್ಬಂಧವನ್ನು ಉದ್ದೇಶಿಸಿದ್ದೆಂದು ಅವರು ವಿವರಿಸಿದರು. ಸ್ಥಳೀಯ ವಕೀಲರ ಸಂಘ ಅವರ ಪರ ವಕಾಲತ್ತು ವಹಿಸಬಾರದೆಂದು ನಿರ್ಣಯಿಸಿತು. ಬೇರೆ ಊರುಗಳ ವಕೀಲರು ಮುಂದೆ ಬಂದರು. ಅದೇ ತಿಂಗಳು ನಿರೀಕ್ಷಣಾ ಜಾಮೀನು ಸಿಕ್ಕಿತು. ರಾಜದ್ರೋಹದ ಕಲಮಿನ ಬಳಕೆಯನ್ನು ಸರ್ವೋಚ್ಚ ನ್ಯಾಯಾಲಯ ತಡೆಹಿಡಿದದ್ದು 2022ರ ಮೇ ತಿಂಗಳಲ್ಲಿ. ಅದೇ ಆವರಣದ ಜಯಲಕ್ಷ್ಮೀವಿಲಾಸದಲ್ಲಿ 1968ರಿಂದ ಜಾನಪದ ವಸ್ತುಸಂಗ್ರಹಾಲಯವಿದೆ. ತಮಟೆ, ಸೋಮನ ಮುಖವಾಡ, ತೊಗಲುಗೊಂಬೆ ಮೊದಲಾಗಿ ಒಂದು ಕಾಲಕ್ಕೆ ಊರ ಬೀದಿಯಲ್ಲಿ ಮಾತನಾಡಿದ ವಸ್ತುಗಳು ಅಂತಹ ಭವನಗಳ ಗಾಜಿನ ಹಿಂದೆ ಸುರಕ್ಷಿತವಾಗಿರುತ್ತವೆ. ಬೀದಿಯ ಫಲಕವನ್ನು ಯಾವ ಸಂಗ್ರಹಾಲಯವೂ ಕೇಳುವುದಿಲ್ಲ, ಅದು ಪೊಲೀಸ್ ಠಾಣೆಯ ಮುದ್ದೆಮಾಲಾಗಿ ಉಳಿಯುತ್ತದೆ.

ಇದು ಕೇವಲ ವ್ಯಂಗ್ಯಕ್ಕೆ ಹೇಳಿದ್ದಲ್ಲ. ಕನ್ನಡ ಜನಪದ ಪ್ರಕಾರಗಳ ರೂಢಿಯ ವರ್ಗೀಕರಣದಲ್ಲಿ ಗಾದೆ, ಒಗಟು, ಒಡಪು, ಬಯ್ಗುಳ, ಶಾಪ ಎಲ್ಲಕ್ಕೂ ಸ್ಥಾನವಿದೆ, ಘೋಷಣೆಗೆ ಇಲ್ಲ. ‘ಬೇಕೇ ಬೇಕು’ ಎಂದು ಒಬ್ಬರು ಎತ್ತಿಕೊಟ್ಟು ‘ನ್ಯಾಯ ಬೇಕು’ ಎಂದು ಗುಂಪು ತುಂಬುವ ವಿನ್ಯಾಸ ಸೊಲ್ಲು ಹಿಡಿಯುವ ಮೇಳದ್ದೇ. ಅದಕ್ಕೆ ಕರ್ತೃವಿಲ್ಲ, ಪಾಠಾಂತರಗಳಿವೆ, ಊರಿಂದೂರಿಗೆ ಬಾಯಿಂದ ಬಾಯಿಗೆ ಹರಡುತ್ತದೆ. ಜನಪದವೆನಿಸಿಕೊಳ್ಳಲು ಇನ್ನೇನು ಬೇಕೋ ತಿಳಿಯದು. ಕುವೆಂಪುನಗರದ ಆ ಬಾಗಿಲ ಮುಂದೆ ಯಾವ ಯಾವ ಘೋಷಣೆ ಮೊಳಗಿತು, ಯಾವ ಸಾಲನ್ನು ಪೊಲೀಸರು ತಡೆದರು, ಯಾವುದನ್ನು ಗುಂಪೇ ತಾನಾಗಿ ಕೈಬಿಟ್ಟಿತು ಎಂಬುದನ್ನು ಬರೆದಿಟ್ಟುಕೊಂಡಿದ್ದರೆ ಮಾತಿನ ಮಿತಿಯನ್ನು ಜನ ತಾವೇ ಹೇಗೆ ಗೆರೆ ಎಳೆದುಕೊಳ್ಳುತ್ತಾರೆಂಬುದಕ್ಕೆ ಕಾನೂನಿನ ಪುಸ್ತಕಕ್ಕಿಂತ ಒಳ್ಳೆಯ ಆಕರ ದೊರೆಯುತ್ತಿತ್ತು.

ಮಂಟೇಸ್ವಾಮಿ ಕಾವ್ಯದ ಕಲ್ಯಾಣದ ಸಾಲನ್ನು ಈ ಬೆಳಕಿನಲ್ಲಿ ಮತ್ತೆ ಓದಬೇಕಾಗುತ್ತದೆ. ಹೇಸುವಂಥ ರೂಪದಲ್ಲಿ ಕಲ್ಯಾಣದ ಬಾಗಿಲಿಗೆ ಬಂದ ಗುರುವನ್ನು ಕಾವಲಿನವರು ಹೊಡೆದಟ್ಟುತ್ತಾರೆ. ಒಳಗಿನ ಶರಣರ ಭಕ್ತಿಯನ್ನು ಪರೀಕ್ಷಿಸಲು ಬಂದವನು ಹೊರಗೇ ನಿಲ್ಲಬೇಕಾಗುತ್ತದೆ. ವಿಮರ್ಶೆ ಇದುವರೆಗೆ ಗುರು ಒಳಗೆ ಹೋದ ಮೇಲೆ ಆಡಿದ ಮಾತುಗಳನ್ನೇ ಪ್ರತಿಭಟನೆಯೆಂದು ವಿವರಿಸಿದೆ. ನೀಲಗಾರರು ಆ ಭಾಗವನ್ನು ಹಾಡುವಾಗ ಬಾಗಿಲ ಪ್ರಸಂಗವನ್ನು ಬೇಗ ಮುಗಿಸುವುದಿಲ್ಲ. ತಂಬೂರಿಯ ಶ್ರುತಿಯಲ್ಲಿ ಗುರು ಹೊರಗೆ ನಿಂತಿರುವುದನ್ನು ಮತ್ತೆ ಮತ್ತೆ ಹೇಳಿ, ಕೇಳುವವರನ್ನೂ ಅಷ್ಟು ಹೊತ್ತು ಆ ಹೊಸ್ತಿಲ ಹೊರಗೇ ನಿಲ್ಲಿಸಿರುತ್ತಾರೆ.